ಒಲೆಯ ಮುಂದಿನ ಅಪಾಯಕ್ಕೆ ವಿಮೆ

ಮದುವೆ ಮುಂಜಿಗಳ ಅಡುಗೆ ಕಂಟ್ರಾಕ್ಟು ಹಿಡಿಯುವವರಲ್ಲಿ ಹಲವರು ವಿಮೆ ಮಾಡಿಸುವುದು ವ್ಯಾನಿಗೆ ಮಾತ್ರ, ಅದೂ ಪೊಲೀಸರು ಕೇಳುತ್ತಾರೆಂದು. ಈ ಕಸುಬಿನ ನಿಜವಾದ ಅಪಾಯ ಇರುವುದು ಒಲೆಯ ಮುಂದೆ. ಕುದಿಯುವ ಹುಳಿಯ ಕೊಪ್ಪರಿಗೆಯನ್ನು ಇಬ್ಬರು ಹಿಡಿದು ಇಳಿಸುವಾಗ ಒಬ್ಬನ ಕಾಲು ಜಾರಿದರೆ ಆಸ್ಪತ್ರೆಯ ಖರ್ಚು ಯಾರದು? ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡುವ ಹೊಣೆ ಮಾಲೀಕನದೆಂದು ಕಾನೂನು 1923ರಿಂದಲೂ ಹೇಳುತ್ತಿದೆ. ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ನೌಕರರ ಪರಿಹಾರ ಪಾಲಿಸಿ. ಇದರ ಕಂತು ನಿಗದಿಯಾಗುವುದು ಕೊಡುವ ಸಂಬಳದ ಮೇಲೆ. ಕಂತು ಉಳಿಸಲು ಹತ್ತು ಜನರಿದ್ದಲ್ಲಿ ನಾಲ್ವರನ್ನು ತೋರಿಸುವ ಜಾಣತನ ಬೇಡ. ಮುಹೂರ್ತದ ದಿನಗಳಲ್ಲಿ ದಿನಗೂಲಿಗೆ ಬರುವ ಬಡಿಸುವ ಹುಡುಗರೂ ಲೆಕ್ಕಕ್ಕೆ ಸೇರಬೇಕು.

ಇನ್ನು ಉಂಡವರ ವಿಷಯ. ಪಾಯಸ ಕೆಟ್ಟು ಪಂಕ್ತಿಯವರೆಲ್ಲ ಆಸ್ಪತ್ರೆ ಸೇರಿದರೆ ನೆರವಿಗೆ ಬರುವುದು ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ. ಆದರೆ ಆಹಾರದಿಂದಾದ ತೊಂದರೆ ಅದರಲ್ಲಿ ಸೇರಿದೆಯೇ, ಛತ್ರದಲ್ಲಿ ಮಾಡಿದ ಅಡುಗೆಗೂ ಅನ್ವಯಿಸುತ್ತದೆಯೇ ಎಂಬುದನ್ನು ಬರಹದಲ್ಲೇ ಪಡೆಯಬೇಕು. ಏಜೆಂಟರ ಬಾಯಿಮಾತು ಸಾಲದು.

ಪಾತ್ರೆ, ಗ್ರೈಂಡರು, ದಾಸ್ತಾನಿಗೆ ಬೆಂಕಿ ವಿಮೆಯುಂಟು. 5 ಕೋಟಿ ರೂಪಾಯಿವರೆಗಿನ ಸ್ವತ್ತಿಗೆ 2021ರಲ್ಲಿ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಇದೆ. 6 ಲಕ್ಷದ ಸಾಮಾನಿಗೆ 3 ಲಕ್ಷದ್ದೆಂದು ವಿಮೆ ಮಾಡಿಸಿದರೆ 1 ಲಕ್ಷದ ನಷ್ಟಕ್ಕೆ ಸಿಗುವುದು ಸುಮಾರು ಅರ್ಧ. ಶೇಕಡಾ 15ರವರೆಗಿನ ಕೊರತೆಯನ್ನಷ್ಟೇ ಮನ್ನಿಸುತ್ತಾರೆ.

19 ಕಿಲೋದ ವಾಣಿಜ್ಯ ಸಿಲಿಂಡರಿನ ಬದಲು 14.2 ಕಿಲೋದ ಮನೆಬಳಕೆಯದನ್ನು ಕದ್ದುಮುಚ್ಚಿ ಉರಿಸುವವರು, ಅವಘಡವಾದಾಗ ಪರಿಹಾರದ ಅರ್ಜಿಯಲ್ಲಿ ಏನೆಂದು ಬರೆಯುತ್ತಾರೋ!