ಅಳತೆ ಸರಿಯಿರಲಿ, ಆಮೇಲೆ ಆಕ್ಷೇಪಿಸಿ

ಮನೆಯ ಒಂದು ಭಾಗವನ್ನು ನೀವು ಬಾಡಿಗೆಗೆ ಕೊಟ್ಟಿದ್ದೀರಾ? ಹಾಗಾದರೆ ಕಂದಾಯದ ಕಾಗದಗಳನ್ನು ಒಮ್ಮೆ ತೆಗೆದು ನೋಡಿ. 'ಸ್ವಂತ ವಾಸ' ಎಂದಿದೆಯೋ, 'ಬಾಡಿಗೆ' ಎಂದಿದೆಯೋ?

2012ರಲ್ಲಿ ಬೆಂಗಳೂರಿನ ನಮ್ಮ ಮೊಹಲ್ಲಾದ ವಿಧವೆಯೊಬ್ಬರು ನೋಟೀಸು ಹಿಡಿದು ಬಂದರು. ಕೆಳಗೆ ಅವರ ವಾಸ, ಮೇಲಿನ ಎರಡು ಕೋಣೆ ಬಾಡಿಗೆಗೆ. ಅವರ ಒಲೆ ಉರಿಯುವುದು ಆ ಬಾಡಿಗೆಯಿಂದಲೇ. "ಹಜ್ರತ್, ಇದು ಜುಲ್ಮ್ ಅಲ್ಲವೇ? ಒಂದು ಅರ್ಜಿ ಬರೆದುಕೊಡಿ" ಎಂದರು. ನೋಟೀಸಿನಲ್ಲಿ ಇಡೀ ಮನೆಯನ್ನು ಬಾಡಿಗೆ ಮನೆಯೆಂದು ಲೆಕ್ಕ ಹಾಕಲಾಗಿತ್ತು. ಅದು ತಪ್ಪು, ನಿಜ. ಆದರೆ ದಲ್ಲಾಳಿಯೊಬ್ಬ ತುಂಬಿಸಿಕೊಟ್ಟಿದ್ದ ಅವರ ಘೋಷಣಾ ಪತ್ರದಲ್ಲಿ ಇಡೀ ಮನೆ ಸ್ವಂತ ವಾಸಕ್ಕೆ ಎಂದಿತ್ತು!

ಬೆಂಗಳೂರಿನಲ್ಲಿ 2008ರಲ್ಲಿ ಜಾರಿಗೆ ಬಂದ ಪದ್ಧತಿಯಲ್ಲಿ ಬಾಡಿಗೆ ಭಾಗದ ದರ ಸ್ವಂತ ವಾಸದ ಎರಡು ಪಟ್ಟು. ಎ ವಲಯದ ಆರ್‌ಸಿಸಿ ಮನೆಗೆ ತಿಂಗಳಿಗೆ ಚದರ ಅಡಿಗೆ 2.50 ರೂ., ಬಾಡಿಗೆಗೆ ಕೊಟ್ಟರೆ 5 ರೂ. (ದರಗಳು ಆಮೇಲೆ ಬದಲಾಗಿವೆ.) ಹತ್ತು ತಿಂಗಳ ಮೊತ್ತದ ಶೇ. 20 ತೆರಿಗೆ. ಸವಕಳಿ, ಸೆಸ್ ಬದಿಗಿಟ್ಟು ಇದೇ ದರದಲ್ಲಿ ನೋಡಿ: ಸಾವಿರ ಚದರ ಅಡಿಯ ಮನೆ, ಅದರಲ್ಲಿ 400 ಬಾಡಿಗೆಗೆ. ದಲ್ಲಾಳಿಯ ಲೆಕ್ಕದಲ್ಲಿ 5,000 ರೂ., ನೋಟೀಸಿನ ಲೆಕ್ಕದಲ್ಲಿ 10,000. ಸತ್ಯದ ಲೆಕ್ಕ 7,000!

ಅರ್ಜಿ ಬರೆಯುವ ಮೊದಲು ನಾನು ಅವರಿಗೆ ಸೂರಃ ಅಲ್ ಮುತಫ್ಫಿಫೀನ್ ನೆನಪಿಸಿದೆ. ಪಡೆಯುವಾಗ ತುಂಬಿಸಿ ಅಳೆದು, ಕೊಡುವಾಗ ಕಡಿಮೆ ಅಳೆಯುವವರಿಗೆ ಅಲ್ಲಿ ಎಚ್ಚರಿಕೆಯಿದೆ. ನಾವು ಅದನ್ನು ತಕ್ಕಡಿ ಹಿಡಿದ ಅಂಗಡಿಯವನಿಗೆ ಮಾತ್ರ ಬಿಟ್ಟುಕೊಟ್ಟಿದ್ದೇವೆ. ಬಾಡಿಗೆಯನ್ನು ಪೂರ್ತಿ ಎಣಿಸಿಕೊಂಡು, ಕಾಗದದಲ್ಲಿ ಬಾಡಿಗೆದಾರನೇ ಇಲ್ಲವೆಂದು ಬರೆಯುವುದು ಬೇರೇನು?

ಖಾಲಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಿಂದಿನ ವರ್ಷಗಳದ್ದೂ ಹೇಳಲೇಬೇಕೇ?" ಎಂದು ಕೇಳಿದರು. ಹೇಳಲೇಬೇಕು ಎಂದೆ. ಹೇಳುವಾಗ ನನಗೂ ಸಂಕಟವಾಯಿತು.

ದುಪ್ಪಟ್ಟು ದರ ನ್ಯಾಯವೇ ಎಂದು ನೀವು ಕೇಳಬಹುದು. ಕೊನೆಗೆ ಆ ಭಾರ ಬಡ ಬಾಡಿಗೆದಾರನ ಹೆಗಲಿಗೇ ಬೀಳುತ್ತದೆ, ನನಗೂ ಅದು ಒಪ್ಪಿಗೆಯಿಲ್ಲ. ಜನಪ್ರತಿನಿಧಿಯ ಮುಂದೆ ಕೇಳಿ, ನ್ಯಾಯಾಲಯದಲ್ಲಿ ಕೇಳಿ. ಘೋಷಣಾ ಪತ್ರದಲ್ಲಿ ಸುಳ್ಳು ಬರೆದು ಅಲ್ಲ. ಸಿಕ್ಕಿಬಿದ್ದರೆ ದಂಡ, ಬಡ್ಡಿ ಎರಡೂ ಬರುತ್ತವೆ, ನಿಮ್ಮ ನ್ಯಾಯವಾದ ಆಕ್ಷೇಪಕ್ಕೂ ಬೆಲೆ ಉಳಿಯುವುದಿಲ್ಲ.

ಮರುದಿನ ಟೇಪು ಹಿಡಿದು ಎರಡೂ ಅಂತಸ್ತನ್ನು ಅಳೆದೆವು. ಅಳತೆ, ಬಾಡಿಗೆ ಕರಾರಿನ ಪ್ರತಿ, ಖಾಲಾ ಕೆಳಗೆ ವಾಸವಿರುವುದಕ್ಕೆ ಪಡಿತರ ಚೀಟಿ, ಎಲ್ಲವನ್ನೂ ಅರ್ಜಿಗೆ ಲಗತ್ತಿಸಿದೆವು. ನೋಟೀಸಿನ ಅವಧಿ ಮುಗಿಯುವ ಮೊದಲೇ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆವು. ಈ ಮೊಹರನ್ನು ಮರೆಯಬೇಡಿ, ಬಾಯಿಮಾತಿನ ಭರವಸೆಗೆ ಕಚೇರಿಯಲ್ಲಿ ಸಾಕ್ಷಿಯಿರುವುದಿಲ್ಲ.

ಲೆಕ್ಕ ತಿದ್ದಿ ಬಂತು. ಹಳೆಯ ಬಾಕಿಯನ್ನು ಖಾಲಾ ಚೀಟಿಯ ಹಣದಿಂದ ಕಟ್ಟಿದರು. ಮೇಲಿನ ಮನೆಯವರ ಬಾಡಿಗೆಯನ್ನು ಆ ವರ್ಷ ಏರಿಸಲಿಲ್ಲ.