ಅಂತರಿಕ್ಷದ ವ್ಯಾಪಾರ: ಅಗ್ಗವೊಂದೇ ಸಾಲದು

2025ನೆಯ ಡಿಸೆಂಬರ್ 24ರಂದು ಶ್ರೀಹರಿಕೋಟೆಯಿಂದ ಹೊರಟ ಎಲ್‌ವಿಎಂ-3 ರಾಕೆಟ್ಟು ಅಮೆರಿಕದ ಕಂಪನಿಯೊಂದರ ಉಪಗ್ರಹವನ್ನು ನಿರ್ವಿಘ್ನವಾಗಿ ಕಕ್ಷೆಗೆ ಸೇರಿಸಿತು. ಬ್ಲೂಬರ್ಡ್ ಎಂಬ ಆ ಉಪಗ್ರಹದ ತೂಕ ಸುಮಾರು 6100 ಕಿಲೋಗ್ರಾಮು. ಅಷ್ಟು ಭಾರದ ಉಪಗ್ರಹವು ಅದಕ್ಕೆ ಮೊದಲು ನಮ್ಮ ನೆಲದಿಂದ ಮೇಲೇರಿದ್ದಿಲ್ಲ. ಅದಾದ ಹತ್ತೊಂಬತ್ತು ದಿನಗಳಿಗೆ, 2026ನೆಯ ಜನವರಿ 12ರಂದು, ಅದೇ ಶ್ರೀಹರಿಕೋಟೆಯಿಂದ ಹೊರಟ ಪಿಎಸ್‌ಎಲ್‌ವಿ-ಸಿ62 ತನ್ನ ಮೂರನೆಯ ಹಂತದ ಕೊನೆಯಲ್ಲಿ ದಾರಿ ತಪ್ಪಿತು. ಅದರಲ್ಲಿದ್ದ ಹದಿನಾರು ಉಪಗ್ರಹಗಳಲ್ಲಿ ಒಂದೂ ಕಕ್ಷೆಯನ್ನು ಸೇರಲಿಲ್ಲ. ಮೂರು ವಾರಗಳೊಳಗೆ ನಡೆದ ಈ ಎರಡು ಘಟನೆಗಳಲ್ಲಿ ನಮ್ಮ ಅಂತರಿಕ್ಷ ವ್ಯಾಪಾರದ ಬಲವೂ ದೌರ್ಬಲ್ಯವೂ ಒಟ್ಟಿಗೇ ಪ್ರಕಟವಾದವು.

ರಾಜಧಾನಿಯ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ವಾಚಕರಿಗೆ ಈ ವಿಷಯವು ದೂರದ್ದೆಂದು ತೋರಬಹುದು. ಆದರೆ ಈ ಉದ್ಯಮದ ಬೇರು ನಮ್ಮ ಊರುಗಳಲ್ಲಿಯೇ ಇದೆ. ಭಾರತದ ಮೊದಲ ಉಪಗ್ರಹವಾದ ಆರ್ಯಭಟವನ್ನು ಕಟ್ಟಿಸಿದ ಪ್ರೊ. ಯು. ಆರ್. ರಾವ್ ಅವರು ಉಡುಪಿಯ ಸಮೀಪದ ಅದಮಾರಿನವರು. ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. 1975ನೆಯ ಏಪ್ರಿಲ್ 19ರಂದು ಅದನ್ನು ಮೇಲಕ್ಕೇರಿಸಿದ್ದು ಸೋವಿಯತ್ ದೇಶದ ರಾಕೆಟ್ಟು. ಆಗ ನಾವು ಅನ್ಯರ ಗಾಡಿಯಲ್ಲಿ ಸರಕು ಕಳುಹಿಸಿದವರು. ಅನ್ಯರ ಸರಕನ್ನು ನಮ್ಮ ಗಾಡಿಯಲ್ಲಿ ಸಾಗಿಸುವ ಕಾಲ ಬರಬೇಕೆಂದು, ರಾಯರು ಇಸ್ರೋ ಅಧ್ಯಕ್ಷರಾಗಿದ್ದಾಗಲೇ, 1992ರಲ್ಲಿ, ಆಂಟ್ರಿಕ್ಸ್ ಎಂಬ ವ್ಯಾಪಾರ ಸಂಸ್ಥೆ ಬೆಂಗಳೂರಿನಲ್ಲಿ ಹುಟ್ಟಿತು. 2019ರಲ್ಲಿ ಹುಟ್ಟಿದ ನ್ಯೂಸ್ಪೇಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ನೆಲೆಯೂ ಬೆಂಗಳೂರೇ.

ಆ ಕಾಲವು ಬಂದಿತೆಂಬುದರಲ್ಲಿ ಸಂದೇಹವಿಲ್ಲ. 1999ನೆಯ ಮೇ ತಿಂಗಳಲ್ಲಿ ಪಿಎಸ್‌ಎಲ್‌ವಿಯು ನಮ್ಮ ಉಪಗ್ರಹದ ಜೊತೆಗೆ ಕೊರಿಯದ ಒಂದನ್ನೂ ಜರ್ಮನಿಯ ಒಂದನ್ನೂ ಹೊತ್ತೊಯ್ದಿತು. 2017ನೆಯ ಫೆಬ್ರವರಿ 15ರಂದು, ಹಾಸನ ಜಿಲ್ಲೆಯ ಶ್ರೀ ಎ. ಎಸ್. ಕಿರಣ್ ಕುಮಾರ್ ಅವರು ಅಧ್ಯಕ್ಷರಾಗಿದ್ದಾಗ, ಒಂದೇ ರಾಕೆಟ್ಟು 104 ಉಪಗ್ರಹಗಳನ್ನು ಮೇಲೇರಿಸಿತು. ಅವುಗಳಲ್ಲಿ 101 ವಿದೇಶಗಳವು. ಅಗ್ಗದ ದರ, ಅಚ್ಚುಕಟ್ಟಾದ ಕೆಲಸ ಎಂಬ ಹೆಸರು ಜಗತ್ತಿನಲ್ಲಿ ಹಬ್ಬಿತು.

ಆದರೆ ಹೆಸರು ಬೇರೆ, ವ್ಯಾಪಾರ ಬೇರೆ. 2022ರಲ್ಲಿ ಯುಕ್ರೇನಿನ ಯುದ್ಧ ಆರಂಭವಾದೊಡನೆ ರಷ್ಯದವರು ಒನ್‌ವೆಬ್ ಕಂಪನಿಯ ಉಪಗ್ರಹಗಳನ್ನು ಸಾಗಿಸುವುದು ನಿಂತುಹೋಯಿತು. ದೆಹಲಿಯ ಭಾರ್ತಿ ಸಮೂಹವು ಪಾಲುದಾರನಾಗಿದ್ದ ಆ ಕಂಪನಿಯು ಆಗ ನಮ್ಮ ಕಡೆಗೆ ತಿರುಗಿತು. 2022ನೆಯ ಅಕ್ಟೋಬರಿನಲ್ಲಿ 36, 2023ನೆಯ ಮಾರ್ಚಿನಲ್ಲಿ 36, ಹೀಗೆ 72 ಉಪಗ್ರಹಗಳನ್ನು ಎಲ್‌ವಿಎಂ-3 ಕಕ್ಷೆಗೆ ಸೇರಿಸಿತು. ಇದು ಸಂತೋಷದ ಸಂಗತಿ. ಆದಾಗ್ಯೂ ಎದುರಿನ ಅಂಗಡಿ ಮುಚ್ಚಿತೆಂದು ಬಂದ ಗಿರಾಕಿಯನ್ನು ನಾವಾಗಿ ಸಂಪಾದಿಸಿದ ಗಿರಾಕಿ ಎಂದು ಎಣಿಸಿ ಮೈಮರೆಯಲಾಗದು.

ಇನ್ನೊಂದು ಕಡೆಯನ್ನೂ ನೋಡೋಣ. ನ್ಯೂಸ್ಪೇಸ್ ಇಂಡಿಯಾದ್ದೇ ಆದ 4700 ಕಿಲೋಗ್ರಾಮಿನ ಜಿಸ್ಯಾಟ್-ಎನ್2 ಉಪಗ್ರಹವು 2024ನೆಯ ನವೆಂಬರಿನಲ್ಲಿ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್-9 ರಾಕೆಟ್ಟಿನಲ್ಲಿ ಹೋಗಬೇಕಾಯಿತು. ದೂರದ ಕಕ್ಷೆಯ ದಾರಿಗೆ ಅಷ್ಟು ಭಾರವನ್ನು ಎತ್ತುವ ರಾಕೆಟ್ಟು ನಮ್ಮಲ್ಲಿ ಇರಲಿಲ್ಲ. ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಒಂದು ಉಪಗ್ರಹವು 2022ನೆಯ ನವೆಂಬರಿನಲ್ಲಿ ಪಿಎಸ್‌ಎಲ್‌ವಿಯಲ್ಲಿ ಹೋಗಿತ್ತು. ಅದೇ ಕಂಪನಿಯ ಫೈರ್‌ಫ್ಲೈ ಉಪಗ್ರಹಗಳಲ್ಲಿ ಮೊದಲ ಮೂರು 2025ನೆಯ ಜನವರಿಯಲ್ಲಿ ಕ್ಯಾಲಿಫೋರ್ನಿಯದಿಂದ ಫಾಲ್ಕನ್-9ರಲ್ಲಿ ಏರಿದವು. ಶ್ರೀಹರಿಕೋಟೆಯು ಬೆಂಗಳೂರಿಗೆ ಕೆಲವೇ ಗಂಟೆಗಳ ಹಾದಿಯಲ್ಲಿದ್ದರೂ ಸರಕು ಸಮುದ್ರ ದಾಟಿತು.

ಇದಕ್ಕೆ ದರವೊಂದೇ ಕಾರಣವಲ್ಲ. 2025ರಲ್ಲಿ ಶ್ರೀಹರಿಕೋಟೆಯಿಂದ ಕಕ್ಷೆಯ ಕಡೆಗೆ ಹೊರಟ ರಾಕೆಟ್ಟುಗಳು ಐದು. ಅದೇ ವರ್ಷದಲ್ಲಿ ಹಾರಿದ ಫಾಲ್ಕನ್-9 ರಾಕೆಟ್ಟುಗಳು 160ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಆ ಕಂಪನಿಯ ಸ್ವಂತ ಉಪಗ್ರಹಗಳನ್ನೇ ಸಾಗಿಸಿದವೆಂಬುದು ನಿಜ. ಆದರೂ ಕೆಳಗಿನ ಹಂತವು ಮರಳಿ ಇಳಿದು ಮತ್ತೆ ಮತ್ತೆ ಉಪಯೋಗಕ್ಕೆ ಬರುವುದರಿಂದ ಅವರಿಗೆ ಹೊಸದನ್ನು ಕಟ್ಟುವವರೆಗೆ ಕಾಯಬೇಕಾಗಿಲ್ಲ. ತಿಂಗಳಿಗೆ ನಾಲ್ಕು ದಿನ ಮಾತ್ರ ಒಲೆ ಹಚ್ಚುವ ಹೋಟೆಲು ಎಷ್ಟೇ ರುಚಿಯಾಗಿ, ಎಷ್ಟೇ ಅಗ್ಗವಾಗಿ ಬಡಿಸಿದರೂ, ಹೊತ್ತಿಗೆ ಸರಿಯಾಗಿ ಊಟ ಬೇಕಾದವನು ಅಲ್ಲಿ ಖಾತೆ ಇಡುವುದಿಲ್ಲ. ಉಪಗ್ರಹದ ಒಡೆಯನೂ ಸಾಲದ ಬಡ್ಡಿ ಕಟ್ಟುವವನೇ. ಒಂದು ವರ್ಷದ ವಿಳಂಬವು ಅವನಿಗೆ ಒಂದು ವರ್ಷದ ಆದಾಯದ ನಷ್ಟ.

ಎರಡನೆಯ ಕಾರಣವು ಇದಕ್ಕಿಂತ ಗಂಭೀರವಾದುದು. 1993ರಲ್ಲಿ ಮೊದಲ ಯಾನದಲ್ಲಿ ಸೋತ ಪಿಎಸ್‌ಎಲ್‌ವಿಯು ಆಮೇಲೆ ಜಗತ್ತೇ ನಂಬುವ ವಾಹನವಾಯಿತು. 2017ನೆಯ ಆಗಸ್ಟಿನಲ್ಲಿ ತುದಿಯ ಕವಚ ಕಳಚದೆ ಒಂದು ಯಾನ ಕೆಟ್ಟಿತು. ಕೆಲವೇ ತಿಂಗಳುಗಳಲ್ಲಿ ಅದು ಸರಿಹೋಯಿತು. ಆದರೆ 2025ನೆಯ ಮೇ 18ರಂದು ಪಿಎಸ್‌ಎಲ್‌ವಿ-ಸಿ61ರ ಮೂರನೆಯ ಹಂತದಲ್ಲಿ ಒತ್ತಡ ಕುಸಿದು ಭೂವೀಕ್ಷಣೆಯ ಉಪಗ್ರಹವೊಂದು ನಷ್ಟವಾಯಿತು. ವಿಚಾರಣಾ ಸಮಿತಿ ನೇಮಕವಾಯಿತು. ಅದರ ವರದಿಯು ಮಾತ್ರ ಮುಂದಿನ ಯಾನಕ್ಕೆ ಮೊದಲು ಸಾರ್ವಜನಿಕರ ಕೈಗೆ ಬರಲಿಲ್ಲ. ಆ ಮುಂದಿನ ಯಾನವೇ ಸಿ62. ಅಲ್ಲಿಯೂ ಮೂರನೆಯ ಹಂತದಲ್ಲಿಯೇ ತೊಂದರೆ ಕಾಣಿಸಿತು. ಎರಡಕ್ಕೂ ಕಾರಣ ಒಂದೇ ಎಂದು ನಾವು ತೀರ್ಪು ಕೊಡುವುದಿಲ್ಲ. ಅದು ತಜ್ಞರ ಕೆಲಸ. ಆದರೆ ಭಟ್ಟರು ಒಂದು ದಿನ ಸಾಂಬಾರು ಕೆಡಿಸಿದರೆ ಗಿರಾಕಿಯು ಮನ್ನಿಸುತ್ತಾನೆ. ಮರುಸಲವೂ ಕೆಟ್ಟು, ಏನಾಯಿತೆಂದು ಕೇಳಿದರೆ ಉತ್ತರ ಬಾರದಿದ್ದಾಗ ಎದ್ದುಹೋಗುತ್ತಾನೆ.

ಕಡತಗಳ ನಡುವೆ ಬದುಕುವ ನಮ್ಮ ಗುಮಾಸ್ತ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಚ್ಚಿಟ್ಟ ಕಡತವು ತಪ್ಪು ಮಾಡಿದವನನ್ನು ಮಾತ್ರವಲ್ಲ, ಮಾಡದವನನ್ನೂ ಸಂಶಯಕ್ಕೆ ಗುರಿಮಾಡುತ್ತದೆ. 1979ನೆಯ ಆಗಸ್ಟಿನಲ್ಲಿ ನಮ್ಮ ಮೊದಲ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿದ್ದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರೂ ಇಸ್ರೋ ಅಧ್ಯಕ್ಷರೂ ಆಗಿದ್ದ ಪ್ರೊ. ಸತೀಶ್ ಧವನ್ ಅವರು ತಾವೇ ಪತ್ರಕರ್ತರೆದುರು ಬಂದು ಸೋಲಿನ ಹೊಣೆಯನ್ನು ಹೊತ್ತರು. ಮರುವರ್ಷದ ಜುಲೈ 18ರಂದು ಅದೇ ರಾಕೆಟ್ಟು ಗೆದ್ದಿತು. ಸೋಲನ್ನು ಬಯಲಿನಲ್ಲಿ ಒಪ್ಪಿದ್ದರಿಂದ ಇಸ್ರೋ ಕುಗ್ಗಲಿಲ್ಲ, ಬೆಳೆಯಿತು.

ಮುಂದಿನ ಕಾರ್ಯಕ್ರಮಗಳು ದೊಡ್ಡವು. ಕೆಳಹಂತವನ್ನು ಮರಳಿ ಬಳಸಬಹುದಾದ, ಸಮೀಪದ ಕಕ್ಷೆಗೆ 30 ಟನ್ನು ಎತ್ತಬಲ್ಲ ಹೊಸ ರಾಕೆಟ್ಟಿಗೆ ಕೇಂದ್ರ ಸಂಪುಟವು 2024ನೆಯ ಸೆಪ್ಟೆಂಬರಿನಲ್ಲಿ 8240 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಶ್ರೀಹರಿಕೋಟೆಯ ಮೂರನೆಯ ಉಡಾವಣಾ ಕಟ್ಟೆಗೆ 2025ನೆಯ ಜನವರಿಯಲ್ಲಿ ಒಪ್ಪಿಗೆ ದೊರೆಯಿತು. ಚಿಕ್ಕ ರಾಕೆಟ್ಟುಗಳಿಗಾಗಿ ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ 2024ರಲ್ಲಿ ಶಂಕುಸ್ಥಾಪನೆಯಾಯಿತು. ಐದು ಪಿಎಸ್‌ಎಲ್‌ವಿಗಳನ್ನು ಕಟ್ಟುವ ಗುತ್ತಿಗೆಯನ್ನು 2022ರಲ್ಲಿ ಬೆಂಗಳೂರಿನ ಎಚ್‌ಎಎಲ್ ಮತ್ತು ಎಲ್ ಆಂಡ್ ಟಿ ಸಂಸ್ಥೆಗಳು ಪಡೆದವು; ಚಿಕ್ಕ ರಾಕೆಟ್ಟಾದ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನವನ್ನು ಪಡೆಯುವ ಒಪ್ಪಂದಕ್ಕೆ ಎಚ್‌ಎಎಲ್ 2025ರಲ್ಲಿ ಸಹಿ ಹಾಕಿತು. ಇವೆಲ್ಲವೂ ಸಕಾಲಿಕವೆಂದು ನಾವು ಮೆಚ್ಚುತ್ತೇವೆ.

ಆದರೆ ಕಟ್ಟೆಗಳು ಹೆಚ್ಚಿದ ಮಾತ್ರಕ್ಕೆ ಗಿರಾಕಿಗಳು ಬರುವುದಿಲ್ಲ. ವಿಮೆಯವರು ಹಿಂದಿನ ಸೋಲಿನ ಕಾರಣವನ್ನು ಕೇಳುತ್ತಾರೆ; ತೃಪ್ತಿಯಾಗದಿದ್ದರೆ ಕಂತನ್ನು ಏರಿಸುತ್ತಾರೆ. ಆಗ ಅಗ್ಗದ ದರವೂ ಅಗ್ಗವಾಗಿ ಉಳಿಯುವುದಿಲ್ಲ. ಅದರ ಪೆಟ್ಟು ಬೀಳುವುದು ಮಂತ್ರಿಗಳ ಮೇಲಲ್ಲ. ಕೆಲಸದ ಆದೇಶಕ್ಕಾಗಿ ಕಾಯುವ ಚಿಕ್ಕ ಕಾರ್ಖಾನೆಗಳ ಮೇಲೆ, ಅಲ್ಲಿ ಯಂತ್ರ ತಿರುಗಿಸುವ ನಮ್ಮ ಊರಿನ ಹುಡುಗರ ಮೇಲೆ. ಊರಿನಲ್ಲಿ ಕೆಲಸವಿಲ್ಲದೆ ರೈಲು ಹತ್ತಿ ಇಷ್ಟು ದೂರ ಬಂದವರಿಗೆ ಅದರ ಅರ್ಥ ತಿಳಿದೇ ಇದೆ.

ಅಂತರಿಕ್ಷ ಇಲಾಖೆಯು ಪ್ರಧಾನಮಂತ್ರಿಗಳ ನೇರ ಅಧೀನದಲ್ಲಿದೆ. ರಾಕೆಟ್ಟು ಕಟ್ಟುವುದು ಬೆಂಗಳೂರು, ತಿರುವನಂತಪುರಗಳ ಕೆಲಸವಾದರೂ ಕಡತವನ್ನು ಬಿಚ್ಚುವುದು ದೆಹಲಿಯ ಕೆಲಸ. ದೇಶದ ರಕ್ಷಣೆಗೆ ಸಂಬಂಧಿಸಿದ ಗುಟ್ಟುಗಳನ್ನು ಬಿಟ್ಟು, ಸಿ61 ಮತ್ತು ಸಿ62ರ ಸೋಲಿಗೆ ಏನು ಕಾರಣ, ಏನು ತಿದ್ದುಪಡಿಯಾಯಿತು ಎಂಬುದನ್ನು ಪಾರ್ಲಿಮೆಂಟಿನ ಮುಂದಿಡುವುದು ಸರ್ಕಾರದ ಕರ್ತವ್ಯ. ಆ ಎರಡು ಯಾನಗಳಿಗೆ ಹಣ ಕೊಟ್ಟವರಲ್ಲಿ, ಕೊಂಡ ಪ್ರತಿಯೊಂದು ಸಾಬೂನಿನ ಮೇಲೂ ತೆರಿಗೆ ತೆತ್ತ ನಮ್ಮ ವಾಚಕರೂ ಸೇರಿದ್ದಾರೆ. ಲೆಕ್ಕ ಕೇಳುವುದು ಅವರ ಹಕ್ಕು. ಲೆಕ್ಕ ಒಪ್ಪಿಸುವುದು ವ್ಯಾಪಾರದ ಮೊದಲ ನಿಯಮ.