ಕತ್ತುನೋವಿಗೆ ಗದರಿಕೆ ಮದ್ದಲ್ಲ

ಪರೀಕ್ಷೆಯ ಕಾಲ ಸಮೀಪಿಸಿತೆಂದರೆ ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. “ಕತ್ತು ನೋಯುತ್ತಿದೆ” ಎಂಬುದು ಮಕ್ಕಳ ಮಾತು. “ನೆಟ್ಟಗೆ ಕೂತುಕೋ, ನೋವು ತಾನೇ ಹೋಗುತ್ತದೆ” ಎಂಬುದು ಹಿರಿಯರ ಮಾತು. ಶಾಲೆಯಲ್ಲಿಯೂ ಇದೇ ಉಪದೇಶ. ನೋವು ಬರುವುದು ಕೂಡುವವನ ಅಶಿಸ್ತಿನಿಂದ, ಅದು ಹೋಗುವುದು ಗದರಿಕೆಯಿಂದ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಈ ನಂಬಿಕೆಯಲ್ಲಿ ಸತ್ಯಾಂಶ ಸ್ವಲ್ಪವೇ ಇದೆ. ಕತ್ತು ಮತ್ತು ಹೆಗಲುಗಳ ನೋವಿಗೆ ಬಾಗುವುದಕ್ಕಿಂತಲೂ ಹೆಚ್ಚಾಗಿ ಕದಲದಿರುವುದೇ ಕಾರಣವೆಂದೂ, ಅದರ ಪರಿಹಾರದ ಹೊಣೆ ವಿದ್ಯಾರ್ಥಿಯ ಜೊತೆಗೆ ಅವನಿಗೆ ಬೆಂಚನ್ನೂ ವೇಳಾಪಟ್ಟಿಯನ್ನೂ ಒದಗಿಸಿಕೊಡುವವರ ಮೇಲೂ ಇದೆಯೆಂದೂ ಇಲ್ಲಿ ವಾದಿಸಬೇಕೆಂದಿದ್ದೇನೆ.

ಇದು ಮೊಬೈಲ್ ಫೋನಿನೊಡನೆ ಹುಟ್ಟಿದ ಬಾಧೆಯೆಂದು ಭಾವಿಸುವವರುಂಟು. ಇತಿಹಾಸ ಹಾಗೆ ಹೇಳುವುದಿಲ್ಲ. ಬರ್ನಾರ್ದಿನೋ ರಾಮಾತ್ಸೀನಿ ಎಂಬ ಇಟಲಿಯ ವೈದ್ಯನು ಕಸುಬುಗಳಿಂದ ಬರುವ ರೋಗಗಳನ್ನು ಕುರಿತು ೧೭೦೦ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ೧೭೧೩ರಲ್ಲಿ ಹೊರಬಂದ ಅದರ ಎರಡನೆಯ ಮುದ್ರಣದಲ್ಲಿ ಬರೆಯುವ ಗುಮಾಸ್ತರ ಬಾಧೆಗಳಿಗೂ ಒಂದು ಅಧ್ಯಾಯ ಮೀಸಲಾಯಿತು. ಆ ಬಾಧೆಗಳಿಗೆ ಅವನು ಕೊಟ್ಟ ಕಾರಣಗಳು ಮೂರು: ಸದಾ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಎಡೆಬಿಡದೆ ಆಡಿಸುವುದು, ಬರವಣಿಗೆಯಲ್ಲಿ ತಪ್ಪು ಬೀಳಬಾರದೆಂಬ ಮನಸ್ಸಿನ ಬಿಗಿತ. ಹಕ್ಕಿಗರಿಯ ಲೇಖನಿ ಹಿಡಿದು ಬರೆಯುತ್ತಿದ್ದವರ ವಿಷಯದಲ್ಲಿ ಹೇಳಿದ ಈ ಮೂರೂ ಇಂದು ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಪರೀಕ್ಷೆಗೆ ಓದುತ್ತಿರುವವರಿಗೂ, ಕಂಪ್ಯೂಟರಿನ ಮುಂದೆ ಕುಳಿತವರಿಗೂ ಹಾಗೆಯೇ ಅನ್ವಯಿಸುತ್ತವೆ. ಮೊಬೈಲು ಹೊಸದಾಗಿ ಸೇರಿಕೊಂಡ ನಿಮಿತ್ತ ಮಾತ್ರ.

ಮೊದಲು ಈ ಯಂತ್ರದ ರಚನೆಯನ್ನು ನೋಡೋಣ. ಮನುಷ್ಯನ ಕತ್ತಿನಲ್ಲಿರುವ ಬೆನ್ನುಮೂಳೆಯ ಮಣಿಗಳು ಏಳು. ಜಿರಾಫೆಯ ನೀಳವಾದ ಕತ್ತಿನಲ್ಲಿಯೂ ಏಳೇ. ಕೆಲವೇ ಅಪವಾದಗಳನ್ನು ಬಿಟ್ಟರೆ ಸ್ತನಿಗಳೆಲ್ಲಕ್ಕೂ ಸಂಖ್ಯೆ ಇದೊಂದೇ. ಈ ಮಣಿಗಳ ತುದಿಯಲ್ಲಿ ಸುಮಾರು ೪ರಿಂದ ೫ ಕಿಲೋಗ್ರಾಂ ತೂಕದ ತಲೆ ಕುಳಿತಿದೆ. ಭೌತವಿಜ್ಞಾನದ ತರಗತಿಯಲ್ಲಿ ಓದಿದ ಮೊದಲನೆಯ ವರ್ಗದ ಸನ್ನೆಗೆ ಇದು ಒಳ್ಳೆಯ ಉದಾಹರಣೆ. ತಲೆಬುರುಡೆಯು ಮೊದಲನೆಯ ಮಣಿಯ ಮೇಲೆ ಕೂಡುವ ಸ್ಥಳವೇ ಆಧಾರಬಿಂದು. ತಲೆಯ ಗುರುತ್ವಕೇಂದ್ರವು ಅದಕ್ಕಿಂತ ತುಸು ಮುಂದಿರುವುದರಿಂದ ಭಾರ ಮುಂದುಗಡೆಗೆ. ಅದನ್ನು ಹಿಂದಿನಿಂದ ಹಿಡಿದೆಳೆಯುವ ಬಲ ಕತ್ತಿನ ಮಾಂಸಖಂಡಗಳದು. ಕುಳಿತಲ್ಲಿಯೇ ತೂಕಡಿಸುವವನ ತಲೆ ಸಾಮಾನ್ಯವಾಗಿ ಮುಂದಕ್ಕೇ ವಾಲುವುದೇಕೆ? ಹಿಂದಿನಿಂದ ಹಿಡಿದಿದ್ದ ಮಾಂಸಖಂಡಗಳು ನಿದ್ರೆಯಲ್ಲಿ ಸಡಿಲಗೊಂಡುವೆಂದೇ.

ತಲೆ ನೆಟ್ಟಗಿರುವಾಗ ಭಾರಕ್ಕೂ ಆಧಾರಬಿಂದುವಿಗೂ ಇರುವ ದೂರ ಅತ್ಯಲ್ಪ. ಪುಸ್ತಕದ ಮೇಲೆ ಬಾಗಿದಂತೆಲ್ಲ ಆ ದೂರ ಹೆಚ್ಚುತ್ತದೆ. ಮಾಂಸಖಂಡಗಳ ಕಡೆಯ ದೂರ ಮಾತ್ರ ಬಹುಮಟ್ಟಿಗೆ ಮೊದಲಿನಷ್ಟೇ ಉಳಿಯುತ್ತದೆ. ಆದುದರಿಂದ ಭಾರದ ದೂರ ಮೂರರಷ್ಟಾದರೆ ಎಳೆತವೂ ಸುಮಾರು ಮೂರರಷ್ಟಾಗಬೇಕು. ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ೨೦೧೪ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ತಲೆ ೩೦ ಡಿಗ್ರಿ ಬಾಗಿದಾಗ ಕತ್ತಿನ ಮೇಲೆ ಬೀಳುವ ಹೊರೆ ಸುಮಾರು ೧೮ ಕಿಲೋಗ್ರಾಂ. ೬೦ ಡಿಗ್ರಿ ಬಾಗಿದಾಗ ಸುಮಾರು ೨೭ ಕಿಲೋಗ್ರಾಂ. ಇವು ಗಣಿತದ ಮಾದರಿಯಿಂದ ಬಂದ ಅಂಕಿಗಳೇ ಹೊರತು ಜೀವಂತ ವ್ಯಕ್ತಿಯ ಕತ್ತಿನಲ್ಲಿ ಅಳೆದವಲ್ಲ. ಜನರನ್ನು ಬೆದರಿಸುವುದಕ್ಕೆ ಇವನ್ನು ಬಳಸುವುದು ತಪ್ಪು. ಸಂತೆಗೆ ಹೋಗುವ ರೈತನ ತಲೆಯ ಮೇಲೆ, ಕಟ್ಟಡದ ಕೂಲಿಯ ತಲೆಯ ಮೇಲೆ ಇದಕ್ಕೆ ಕಡಿಮೆಯಲ್ಲದ ಹೊರೆಗಳನ್ನು ನಾವು ನಿತ್ಯವೂ ನೋಡುತ್ತಿಲ್ಲವೆ? ಹೊರೆ ಎಷ್ಟೆಂಬುದರ ಜೊತೆಗೆ, ಅದನ್ನು ಎಷ್ಟು ಹೊತ್ತು ಒಂದೇ ಭಂಗಿಯಲ್ಲಿ ತಡೆದಿರಬೇಕು ಎಂಬುದನ್ನೂ ಕೇಳಬೇಕು.

ಇದನ್ನು ತಿಳಿಯುವುದಕ್ಕೆ ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಚೊಂಬಿನ ತುಂಬ ನೀರು ತೆಗೆದುಕೊಂಡು, ತೋಳನ್ನು ಭುಜದ ಮಟ್ಟಕ್ಕೆ ನೇರವಾಗಿ ಚಾಚಿ, ಕದಲಿಸದೆ ಹಿಡಿದುಕೊಳ್ಳಿರಿ. ಕೆಲವೇ ನಿಮಿಷಗಳಲ್ಲಿ ಹೆಗಲು ಉರಿಯತೊಡಗುತ್ತದೆ. ಬಾವಿಯಿಂದ ನೀರು ಸೇದುವವರು ಇದರ ಹಲವು ಪಾಲು ಭಾರವನ್ನು ಹತ್ತಾರು ಸಲ ಎತ್ತಿದರೂ ಇಷ್ಟು ಬೇಗ ಸೋಲುವುದಿಲ್ಲ. ಹೇಗೆಂದರೆ, ಮಾಂಸಖಂಡವು ಬಿಗಿದಾಗ ಅದರೊಳಗಿನ ಸಣ್ಣ ರಕ್ತನಾಳಗಳು ಅದುಮಲ್ಪಡುತ್ತವೆ. ಸಡಿಲಗೊಂಡಾಗ ಹೊಸ ರಕ್ತ ನುಗ್ಗುತ್ತದೆ. ಸೇದುವ ಕೆಲಸದಲ್ಲಿ ಬಿಗಿತವೂ ಸಡಿಲಿಕೆಯೂ ಒಂದಾದ ಮೇಲೊಂದು ಬರುತ್ತವೆ. ಚಾಚಿ ಹಿಡಿದ ತೋಳಿಗೆ ಆ ಬಿಡುವೇ ಇಲ್ಲ. ಗಂಟೆಗಟ್ಟಲೆ ಒಂದೇ ಪುಟದ ಮೇಲೆ ಬಾಗಿದ ಕತ್ತಿನ ಸ್ಥಿತಿ ಚೊಂಬು ಹಿಡಿದ ತೋಳಿನದೇ. ಅಲ್ಲಿ ಬಿಗಿತ ಇಷ್ಟು ತೀವ್ರವಲ್ಲವಾದುದರಿಂದ ನೋವು ತಡವಾಗಿ ತಿಳಿಯುತ್ತದೆ, ಅಷ್ಟೆ.

ಬಿಗಿತ ಅಲ್ಪವಾಗಿದ್ದರೆ ಅಪಾಯವಿಲ್ಲವೆಂದು ವಿಜ್ಞಾನಿಗಳೂ ಒಮ್ಮೆ ನಂಬಿದ್ದರು. ಪೂರ್ಣಶಕ್ತಿಯ ನೂರಕ್ಕೆ ೧೫ ಪಾಲಿಗಿಂತ ಕಡಿಮೆಯ ಬಿಗಿತವನ್ನು ದಣಿವಿಲ್ಲದೆ ಬಹುಕಾಲ ತಡೆದಿರಬಹುದೆಂಬ ಅಭಿಪ್ರಾಯ ೧೯೬೦ರ ಸುಮಾರಿನಲ್ಲಿ ಜರ್ಮನಿಯ ರೋಮೆರ್ಟ್ ಅವರ ಪ್ರಯೋಗಗಳಿಂದ ಪ್ರಚಾರಕ್ಕೆ ಬಂದಿತು. ಮುಂದಿನ ಸಂಶೋಧನೆಗಳು ಇದನ್ನು ಒಪ್ಪಲಿಲ್ಲ. ಮಾಂಸಖಂಡದ ಎಳೆಗಳು ಎಲ್ಲವೂ ಒಟ್ಟಿಗೆ ದುಡಿಯುವುದಿಲ್ಲ. ಸಣ್ಣ ಗುಂಪುಗಳು ಮೊದಲು ಕೆಲಸಕ್ಕೆ ಇಳಿಯುತ್ತವೆ, ದೊಡ್ಡವು ಹೊರೆ ಹೆಚ್ಚಿದಾಗ ಮಾತ್ರ ಬರುತ್ತವೆ ಮತ್ತು ಮೊದಲೇ ಹೊರಟುಹೋಗುತ್ತವೆ. ಹಗುರವಾದ ಕೆಲಸ ದಿನವಿಡೀ ನಡೆದರೆ ಸಣ್ಣ ಗುಂಪುಗಳಿಗೆ ದಿನವಿಡೀ ವಿರಾಮವಿಲ್ಲ. ಸ್ವೀಡನ್ನಿನ ಯೋರಾನ್ ಹೆಗ್ ೧೯೯೧ರಲ್ಲಿ ಮಂಡಿಸಿದ ಈ ಊಹೆಗೆ ಸಿಂಡರೆಲಾ ಕಥೆಯ ಹೆಸರೇ ಬಿದ್ದಿದೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕಡೆಗೆ ಮಲಗುತ್ತಿದ್ದ ಹಿಂದಿನ ಕಾಲದ ಸೊಸೆಯನ್ನು ಬಲ್ಲ ನಮಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ಇದು ಇನ್ನೂ ಊಹೆಯೇ ಆಗಿದ್ದರೂ, ಹಗುರವಾದ ಕೆಲಸದಿಂದ ಹೆಗಲು ನೋಯುವುದೇಕೆಂಬ ಪ್ರಶ್ನೆಗೆ ಒಪ್ಪತಕ್ಕ ಉತ್ತರವಾಗಿದೆ.

ಈಗ “ನೆಟ್ಟಗೆ ಕೂತುಕೋ” ಎಂಬ ಉಪದೇಶವನ್ನು ಪರಿಶೀಲಿಸೋಣ. ಸಿಪಾಯಿಯಂತೆ ಸೆಟೆದು ಕುಳಿತರೆ ಕತ್ತಿನ ಹೊರೆ ಕಡಿಮೆಯಾಗುವುದು ನಿಜ. ಆದರೆ ಹಾಗೆ ಒಂದು ಗಂಟೆ ಕದಲದೆ ಕುಳಿತರೆ ಬೆನ್ನಿನ ಮಾಂಸಖಂಡಗಳಿಗೆ ಬಿಡುವು ತಪ್ಪುತ್ತದೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ೧೭ ವರ್ಷ ವಯಸ್ಸಿನ ಸಾವಿರಕ್ಕೂ ಹೆಚ್ಚು ಮಂದಿ ಕುಳಿತುಕೊಳ್ಳುವ ಬಗೆಯನ್ನು ಅಳೆದು, ಭಂಗಿಗೆ ಅನುಸಾರವಾಗಿ ಗುಂಪುಗಳನ್ನು ಮಾಡಿ ನೋಡಿದರು. ೨೦೧೬ರಲ್ಲಿ ಪ್ರಕಟವಾದ ಆ ಪರಿಶೀಲನೆಯಲ್ಲಿ, ನೆಟ್ಟಗೆ ಕೂಡುವವರಿಗೂ ಕುಗ್ಗಿ ಕೂಡುವವರಿಗೂ ಕತ್ತುನೋವಿನ ವಿಷಯದಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಇದೊಂದರಿಂದಲೇ ಬಾಗುವುದು ನಿರಪಾಯವೆಂದು ತೀರ್ಮಾನಿಸಲಾಗದು. ಆದರೆ ನೋವಿನ ಹೊಣೆಯನ್ನೆಲ್ಲ ಮಗುವಿನ ಭಂಗಿಯ ಮೇಲೆ ಹೊರಿಸಿ ಗದರಿಸುವುದಕ್ಕೆ ಆಧಾರ ಸಾಲದೆಂಬುದು ಖಂಡಿತ. ಗದರಿಕೆಯಿಂದ ಮನಸ್ಸು ಬಿಗಿದರೆ ಹೆಗಲೂ ಬಿಗಿಯುತ್ತದೆಂಬ ರಾಮಾತ್ಸೀನಿಯ ಕಾಲದ ತಿಳಿವಳಿಕೆಯನ್ನೂ ಇಲ್ಲಿ ನೆನೆಯಬಹುದು.

“ನಾವು ನೆಲದ ಮೇಲೆ ಕುಳಿತು ಲಾಂದ್ರದ ಬೆಳಕಿನಲ್ಲಿ ಓದಲಿಲ್ಲವೆ?” ಎಂದು ಹಿರಿಯರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಆದರೆ ಆ ಓದಿನ ಹಿಂದೆ ಮುಂದೆ ಏನಿತ್ತು? ಶಾಲೆಗೆ ಮೈಲಿಗಟ್ಟಲೆ ನಡಿಗೆ, ನೀರು ಸೇದುವುದು, ಸಂಜೆಯ ಚಿನ್ನಿದಾಂಡು, ಕಬಡ್ಡಿ. ನೆಲದ ಮೇಲೆ ಕುಳಿತವರು ಒಮ್ಮೆ ಚಕ್ಕಳಮಕ್ಕಳ ಹಾಕಿ, ಒಮ್ಮೆ ಕಾಲು ಚಾಚಿ, ಒಮ್ಮೆ ಗೋಡೆಗೆ ಒರಗಿ ಭಂಗಿಯನ್ನು ಬದಲಿಸುತ್ತಲೇ ಇರುತ್ತಾರೆ. ಗ್ರಂಥ ಪಾರಾಯಣಕ್ಕೆ ನಮ್ಮ ಹಿರಿಯರು ವ್ಯಾಸಪೀಠವನ್ನು ಬಳಸುತ್ತಿದ್ದುದನ್ನು ಮರೆಯಬಾರದು. ಮಡಿಸಿಡಬಹುದಾದ ಆ ಪುಟ್ಟ ಮರದ ಪೀಠ ಪುಸ್ತಕವನ್ನು ನೆಲದಿಂದ ಮೇಲೆತ್ತಿ ಓದುವವನ ಕಡೆಗೆ ಓರೆಯಾಗಿ ಹಿಡಿಯುತ್ತದೆ. ಪುಸ್ತಕವೇ ಕಣ್ಣಿನ ಬಳಿಗೆ ಬರುವುದರಿಂದ ಕತ್ತು ಅಷ್ಟು ಬಾಗಬೇಕಾಗಿಲ್ಲ. ಡೆನ್ಮಾರ್ಕಿನ ಶಸ್ತ್ರವೈದ್ಯ ಮಂಡಲ್ ಅವರು ೧೯೭೦ರ ಮತ್ತು ೧೯೮೦ರ ದಶಕಗಳಲ್ಲಿ ಶಾಲೆಯ ಮೇಜುಗಳು ಓರೆಯಾಗಿರಬೇಕೆಂದು ವಾದಿಸಿದಾಗ ಹೇಳಿದುದು ಬಹುಮಟ್ಟಿಗೆ ಇದೇ ತತ್ತ್ವವನ್ನು.

ಇನ್ನು ನನ್ನ ಮುಖ್ಯ ದೂರಿಗೆ ಬರುತ್ತೇನೆ. ಹತ್ತನೆಯ ತರಗತಿಗೆ ಬಂದೊಡನೆ ಅನೇಕ ಶಾಲೆಗಳಲ್ಲಿ ಆಟದ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ದತ್ತುಹೋಗುತ್ತದೆ. ಪಿ.ಯು.ಸಿ.ಯಲ್ಲಿ ಮುಂಜಾನೆ ಟ್ಯೂಷನ್, ಹಗಲು ಕಾಲೇಜು, ಸಂಜೆ ಕೋಚಿಂಗ್, ರಾತ್ರಿ ಮನೆಯ ಓದು, ನಾಲ್ಕೂ ಕುಳಿತೇ. ೫ರಿಂದ ೧೭ ವರ್ಷದವರೆಗಿನವರು ದಿನಕ್ಕೆ ಸರಾಸರಿ ೬೦ ನಿಮಿಷವಾದರೂ ಮೈ ದಣಿಯುವಂತೆ ಚಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೇಳಿದೆ. ನಮ್ಮ ವೇಳಾಪಟ್ಟಿಯಲ್ಲಿ ಆ ೬೦ ನಿಮಿಷಗಳೆಲ್ಲಿ? ಶಾಲೆಯ ಚೀಲದ ಭಾರ ಮಗುವಿನ ತೂಕದ ನೂರಕ್ಕೆ ೧೦ ಪಾಲನ್ನು ಮೀರಬಾರದೆಂದು ಕರ್ನಾಟಕ ಸರ್ಕಾರ ೨೦೧೯ರಲ್ಲಿ ಆದೇಶ ಹೊರಡಿಸಿತು, ಅದು ಶ್ಲಾಘ್ಯ. ಚೀಲ ಹೆಗಲ ಮೇಲಿರುವುದು ಸ್ವಲ್ಪ ಹೊತ್ತು ಮಾತ್ರ. ಬೆಂಚಿನ ಮೇಲೆ ಕಳೆಯುವ ಆರೇಳು ಗಂಟೆಗಳಿಗೂ ಅಷ್ಟೇ ಗಮನ ದೊರೆಯಬೇಡವೆ?

ಆಟಕ್ಕೆ ಬಿಟ್ಟರೆ ಪಾಠ ಮುಗಿಯುವುದಿಲ್ಲವೆಂಬುದು ಅಧ್ಯಾಪಕರ ಅಳಲು. ಫಲಿತಾಂಶದ ಒತ್ತಡ ಅವರ ಮೇಲಿರುವುದು ನಿಜ. ಆ ಒತ್ತಡದಲ್ಲಿ ತಂದೆತಾಯಿಗಳ ಪಾಲೂ ಉಂಟು. ಆದರೆ ಕತ್ತನ್ನು ನೀವಿಕೊಳ್ಳುತ್ತ ಕುಳಿತವನ ಕಿವಿಗೆ ಏಳನೆಯ ಪೀರಿಯಡ್ಡಿನ ಪಾಠ ಎಷ್ಟು ತಲುಪೀತು? ಹದಿಹರೆಯದಲ್ಲಿ ಪದೇ ಪದೇ ಕಾಣಿಸಿಕೊಂಡ ಕತ್ತುನೋವು ಯೌವನದಲ್ಲಿಯೂ ಮುಂದುವರಿಯುವ ಸಂಭವ ಹೆಚ್ಚೆಂದು ಫಿನ್ಲೆಂಡಿನಲ್ಲಿ ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಅನುಸರಿಸಿ ನೋಡಿದವರು ಕಂಡಿದ್ದಾರೆ. ಒಂದು ಪರೀಕ್ಷೆಗಾಗಿ ಇಷ್ಟು ದೀರ್ಘವಾದ ಸಾಲವನ್ನು ಎಳೆಯರ ಹೆಸರಿನಲ್ಲಿ ಮಾಡುವ ಅಧಿಕಾರ ನಮಗಿಲ್ಲ.

ಶಾಲೆ ಮಾಡಬಹುದಾದುದು ದುಬಾರಿಯಲ್ಲ. ಆಟದ ಪೀರಿಯಡ್ಡನ್ನು ಆಟಕ್ಕೇ ಬಿಡುವುದು ಮೊದಲನೆಯದು. ಪ್ರತಿ ಪಾಠದ ನಡುವೆ ಎರಡು ನಿಮಿಷ ಎಲ್ಲರೂ ಎದ್ದು ನಿಲ್ಲುವುದು ಎರಡನೆಯದು. ನಿಂತು ಉತ್ತರ ಹೇಳುವುದನ್ನೂ, ಕರಿಹಲಗೆಯ ಬಳಿಗೆ ಕರೆಯುವುದನ್ನೂ ಇದಕ್ಕೆ ಒದಗಿಸಿಕೊಳ್ಳಬಹುದು. ಮೂರನೆಯದು, ಒಂದೇ ತರಗತಿಯಲ್ಲಿ ಎರಡು ಎತ್ತರದ ಬೆಂಚುಗಳು. ಹದಿನಾಲ್ಕರ ವಯಸ್ಸಿನಲ್ಲಿ ಒಬ್ಬ ಗಿಡ್ಡ, ಇನ್ನೊಬ್ಬ ತಾಳೆಯ ಮರ. ಇಬ್ಬರಿಗೂ ಒಂದೇ ಅಳತೆಯ ಮೇಜು ಹೊಂದಿಕೆಯಾಗುವುದು ಹೇಗೆ?

ವಿದ್ಯಾರ್ಥಿಗಳೂ ಕೈಕಟ್ಟಿ ಕಾಯಬೇಕಾಗಿಲ್ಲ. ಕುಳಿತಾಗ ಹೆಗಲು ಮೇಲೇರದಂತೆ ಮುಂಗೈ ಮೇಜಿನ ಮೇಲೆ ಒರಗಬೇಕು; ಪಾದಗಳು ನೆಲಕ್ಕೆ ತಾಗದಿದ್ದರೆ ಕೆಳಗೆ ಒಂದು ಮಣೆಯನ್ನಿಡಬಹುದು. ಪುಸ್ತಕವನ್ನು ಒಂದು ಹಲಗೆಯ ಮೇಲೆ ಓರೆಯಾಗಿರಿಸಿರಿ. ಮೊಬೈಲನ್ನು ಮಡಿಲಿನಿಂದ ಎದೆಯ ಮಟ್ಟಕ್ಕೆ ಎತ್ತಿರಿ. ಅಕ್ಷರ ಮಸುಕಾಗಿ ಬಗ್ಗುತ್ತಿದ್ದರೆ ಕಣ್ಣಿನ ಪರೀಕ್ಷೆ ಮಾಡಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಧಗಂಟೆಗೊಮ್ಮೆ ಏಳಿರಿ; ಹೆಗಲುಗಳನ್ನು ಕಿವಿಯ ಕಡೆಗೆ ಎತ್ತಿ ಮೆಲ್ಲನೆ ಇಳಿಸಿರಿ, ಹಿಂದಕ್ಕೆ ಸೆಳೆಯಿರಿ, ತಲೆಯನ್ನು ಎರಡು ಪಕ್ಕಕ್ಕೂ ನಿಧಾನವಾಗಿ ತಿರುಗಿಸಿರಿ. ಕಂಠಪಾಠವನ್ನು ಅಡ್ಡಾಡುತ್ತಲೇ ಮಾಡಬಹುದು.

ಮಾಂಸಖಂಡಗಳಿಗೆ ಬಲ ಬರಿಸುವುದೂ ಒಳ್ಳೆಯ ಚಿಕಿತ್ಸೆ. ಡೆನ್ಮಾರ್ಕಿನಲ್ಲಿ ಪದೇ ಪದೇ ಕತ್ತು ಹೆಗಲು ನೋಯುತ್ತಿದ್ದ ೧೯೮ ಮಂದಿ ವಯಸ್ಕರ ಮೇಲೆ ನಡೆಸಿ ೨೦೧೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರಬ್ಬರು ಪಟ್ಟಿಯನ್ನು ಎಳೆಯುತ್ತ ತೋಳುಗಳನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮವನ್ನು ವಾರಕ್ಕೆ ಐದು ದಿನದಂತೆ ಹತ್ತು ವಾರ ಮಾಡಿಸಿದರು. ದಿನಕ್ಕೆ ಹನ್ನೆರಡು ನಿಮಿಷ ಮಾಡಿದವರಿಗೂ ಎರಡೇ ನಿಮಿಷ ಮಾಡಿದವರಿಗೂ ನೋವು ಕಡಿಮೆಯಾಯಿತು. ಎರಡು ನಿಮಿಷ ಯಾವ ವೇಳಾಪಟ್ಟಿಗೂ ಭಾರವಾಗದು.

ಎಣ್ಣೆ ನೀವುವುದು, ಬಿಸಿನೀರಿನ ಶಾಖ ಇವು ತಾತ್ಕಾಲಿಕ ಉಪಶಮನಕ್ಕೆ ಒಳ್ಳೆಯವೇ. ಆದರೆ ಕ್ಷೌರದ ಅಂಗಡಿಯಲ್ಲಿ ಕತ್ತನ್ನು ಲಟಕ್ಕೆಂದು ತಿರುಗಿಸಿಕೊಳ್ಳುವ ಅಭ್ಯಾಸವನ್ನು ಬಿಡಬೇಕು. ಮೆದುಳಿಗೆ ಹೋಗುವ ಎರಡು ರಕ್ತನಾಳಗಳು ಕತ್ತಿನ ಮಣಿಗಳ ಪಕ್ಕದ ರಂಧ್ರಗಳಲ್ಲಿ ಹಾದು ಮೇಲೇರುತ್ತವೆ; ಹಠಾತ್ತಾಗಿ ತಿರುಚಿದಾಗ, ಅಪರೂಪವಾಗಿಯಾದರೂ, ಅವುಗಳ ಒಳಪದರ ಹರಿದು ಪಾರ್ಶ್ವವಾಯು ಸಂಭವಿಸಿರುವುದುಂಟು. ಕೈಗೆ ಜೋಮು ಅಥವಾ ಬಲಹೀನತೆ ಬಂದರೆ, ಬಿದ್ದ ಮೇಲೆ ನೋವು ತೊಡಗಿದರೆ, ನೋವು ವಾರಗಟ್ಟಲೆ ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಜ್ವರ ತಲೆನೋವುಗಳೊಡನೆ ಕತ್ತು ಸೆಟೆದುಕೊಂಡರೆ ಒಡನೆಯೇ ಕಾಣಬೇಕು.

ವಿದ್ಯೆಗೆ ತಪಸ್ಸು ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ತಪಸ್ಸು ಬುದ್ಧಿಯದು. ಕತ್ತನ್ನು ನೋಯಿಸಿದ ಮಾತ್ರಕ್ಕೆ ಗಣಿತ ಬೇಗ ಬರುವುದಿಲ್ಲ. ಈ ಶೈಕ್ಷಣಿಕ ವರ್ಷದಲ್ಲಿ ನಿಮ್ಮ ಶಾಲೆಯ ಹತ್ತನೆಯ ತರಗತಿಗೆ ಆಟದ ಪೀರಿಯಡ್ಡು ನಿಜವಾಗಿಯೂ ನಡೆಯುತ್ತಿದೆಯೆ ಎಂದು ಪೋಷಕರು ಮುಂದಿನ ಸಭೆಯಲ್ಲಿ ಕೇಳಲಿ. ವಿದ್ಯಾರ್ಥಿಗಳು ವಿನಯದಿಂದ ಅಧ್ಯಾಪಕರನ್ನು ಕೇಳಲಿ. ಅದಕ್ಕೆ ಉತ್ತರ ದೊರೆಯುವವರೆಗೆ “ನೆಟ್ಟಗೆ ಕೂತುಕೋ” ಎನ್ನುವ ಬದಲು “ಎದ್ದು ಒಂದು ಸುತ್ತು ಹಾಕಿ ಬಾ” ಎನ್ನುವುದನ್ನು ಮನೆಯವರು ರೂಢಿಸಿಕೊಂಡರೂ ಲಾಭವೇ.